ನಮ್ಮವರು ಯಾರೂ ಇಲ್ಲದ ಊರು

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಶೇಂಗಾ ಹಿಂಡಿ ಕುಟ್ಟುತ್ತಿದ್ದರು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣ ಖಾರ ಮೂರೂ ಕೂಡಿದಾಗ ಏಳುವ ಆ ವಾಸನೆ ಗೋಡೆ ದಾಟಿ ನಮ್ಮ ಪಡಸಾಲೆಗೆ ಬಂದು ಕೂತಿತು. ನಮ್ಮ ರಾಯಚೂರಿನ ಕಡೆ ಹಿಂಡಿ ದಿನದ ಊಟಕ್ಕೂ ಬೇಕು. ಆದರೆ ಒಂದೇ ಸಲ ಡಬ್ಬಿಗಟ್ಟಲೆ ಕುಟ್ಟುತ್ತಿದ್ದಾರೆಂದರೆ ಮನೆಮಂದಿ ಎಲ್ಲಿಗೋ ಹೊರಟಿದ್ದಾರೆ ಎಂದೇ ಅರ್ಥ. ನನ್ನ ಊಹೆ ಸುಳ್ಳಾಗಲಿಲ್ಲ. ಸ್ವಲ್ಪ ಹೊತ್ತಿಗೆ ಆ ಮನೆಯ ಯಜಮಾನ, ಇನ್ನೂ ನಲವತ್ತು ದಾಟದ ಬ್ಯಾಂಕ್ ನೌಕರ, ಗೋಡೆಯ ಆಚೆಯಿಂದ ಕೇಳಿದ.

"ಸರ್, ಮಕ್ಕಳಿಗೆ ರಜಾ ಅದ. ಬೆಂಗಳೂರಿಗೆ ಹೋಗೂಣು ಅಂದ್ರ ನಮ್ಮನಿಯವ್ರು ದೊಡ್ಡ ಊರು ಬ್ಯಾಡ ಅಂತ ಹಟ ಹಿಡಿದಾರ. ನೀವು ತಿರುಗಾಡಿದವ್ರು. ಏನು ಮಾಡಲಿ ಹೇಳ್ರಿ."

ಊರು ಗೊತ್ತಾಗುವ ಮೊದಲೇ ಹಿಂಡಿ ತಯಾರಾಗುವುದು ನಮ್ಮ ಸೀಮೆಯ ಪದ್ಧತಿ. ಅದಕ್ಕಿಂತ ಹೆಚ್ಚು ನಗು ಬಂದದ್ದು 'ತಿರುಗಾಡಿದವ್ರು' ಎಂಬ ಮಾತಿಗೆ. "ಸಂಜಿಗೆ ಹೇಳ್ತೀನಿ" ಎಂದು ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ನೀವೂ ಕೂತುಕೊಳ್ಳಿ, ಇದನ್ನು ಹೇಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ದೇವದುರ್ಗದಲ್ಲಿ ಒಂದು ಸರಕಾರಿ ಕಚೇರಿಯ ಗುಮಾಸ್ತ. ನಮ್ಮಪ್ಪ ಕುರಿ ಕಾಯ್ದವರು, ನಾನು ಕಡತ ಕಾಯುವವನು. ಎರಡರಲ್ಲೂ ಒಂದು ತಪ್ಪಿಸಿಕೊಂಡರೆ ಅವತ್ತಿನ ಊಟ ಸೇರುವುದಿಲ್ಲ. ಆದರೆ ಕುರಿ ಕಾಯುವವರಿಗೆ ರಜೆ ಎಂಬುದಿಲ್ಲ. ನಮ್ಮ ಮನೆತನದಲ್ಲಿ ಆ ವಸ್ತುವನ್ನು ಕಣ್ಣಿಂದ ಕಂಡವನು ನಾನೇ ಮೊದಲು. ಹೀಗಾಗಿ ಆ ಬೇಸಿಗೆಯಲ್ಲಿ ಸಾಹೇಬರು ಒಟ್ಟಿಗೆ ಎಂಟು ದಿನ ರಜೆ ಮಂಜೂರು ಮಾಡಿದಾಗ ನಾನು ನೆಲದ ಮೇಲೆ ನಡೆಯಲಿಲ್ಲ. ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದೆ.

"ಮಹಾದೇವಿ, ಈ ಸಲ ಬಾಂಬೆಗೆ ಹೋಗೂದು."

ಮಹಾದೇವಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ "ಬ್ಯಾಡ" ಎಂದಳು.

"ಯಾಕ?"

"ದೊಡ್ಡ ಊರು ನಾ ಒಲ್ಲೆ."

"ಹಂಗಾರ ಹೈದರಾಬಾದ್?"

"ಅದೂ ದೊಡ್ಡ ಊರ."

"ಬೆಂಗಳೂರು?"

"ಅದೇನು ಸಣ್ಣದಾಗೇದನು?"

ಈ ಮೂರು ಊರುಗಳೇ ಯಾಕೆಂದು ನೀವು ಕೇಳಬಹುದು. ಬಾಂಬೆಯಲ್ಲಿ ನನ್ನ ದೊಡ್ಡಪ್ಪನ ಮಗ ಇದ್ದ. ಹೈದರಾಬಾದಿನಲ್ಲಿ ಆಕೆಯ ಸೋದರಮಾವ, ಬೆಂಗಳೂರಿನಲ್ಲಿ ನನ್ನ ಚಿಕ್ಕಮ್ಮನ ಮಗಳು. ಆಗೆಲ್ಲ ಊರು ನೋಡುವುದೆಂದರೆ ಆ ಊರಿನ ನಂಟರ ಮನೆಗೆ ಹೋಗುವುದೇ. ನಂಟರಿರುವ ಊರಲ್ಲಿ ಲಾಡ್ಜಿನಲ್ಲಿ ಇಳಿದರೆ ನಂಟಸ್ತನ ಅಲ್ಲಿಗೆ ಮುಗಿದಂತೆ.

ಮಹಾದೇವಿ ಬೇಡವೆಂದದ್ದಕ್ಕೆ ನಾನೇ ಒಂದು ಕಾರಣ ಹುಡುಕಿಕೊಂಡೆ. ಮಾನ್ವಿಯಲ್ಲಿ ಹುಟ್ಟಿ ದೇವದುರ್ಗಕ್ಕೆ ಬಂದ ಹೆಣ್ಣುಮಗಳು, ಪಟ್ಟಣ ಎಂದರೆ ಅಂಜಿಕೆ. ಕಚೇರಿಯಲ್ಲಿ ಪಕ್ಕದ ಮೇಜಿನ ರಾಜಾಸಾಬರ ಮುಂದೆ ಇದನ್ನೇ ಹೇಳಿದೆ. ಅವರು ನನಗಿಂತ ಹತ್ತು ವರ್ಷ ದೊಡ್ಡವರು, ಎಲ್ಲದಕ್ಕೂ ಒಂದು ಉಪಾಯ ಇಟ್ಟುಕೊಂಡವರು.

"ಎಳೀ ಹೋರಿಗೆ ಒಮ್ಮೆಲೇ ದೊಡ್ಡ ಬಂಡಿ ಕಟ್ಟಿದ್ರ ಬೆದರತದ್ರಿ," ಎಂದರು. "ಮೊದಲ ರಾಯಚೂರು ತೋರಸ್ರಿ. ಅಲ್ಲಿ ರೂಢಿ ಆದ್ರ ಬಾಂಬೆ ತಾನ ಆಗತದ."

ಆ ಹೋಲಿಕೆಯನ್ನು ಮನೆಯಲ್ಲಿ ಹೇಳುವಷ್ಟು ದಡ್ಡ ನಾನಾಗಿರಲಿಲ್ಲ. ಆದರೆ ಅದರಂತೆ ನಡೆಯುವಷ್ಟು ದಡ್ಡನಾಗಿದ್ದೆ.

ಮುಂದಿನ ಭಾನುವಾರ ಸೀರೆಯ ನೆವ ಹೇಳಿ ಮೊದಲ ಬಸ್ಸಿಗೆ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಹತ್ತಿಸಿದೆ. ಮಗಳು ಸುಮಾ ಒಂಬತ್ತರವಳು, ಮಗ ಬಸವರಾಜ ಆರರವನು. ದಾರಿಯುದ್ದಕ್ಕೂ ಪಾಠ ಮಾಡಿದೆ. ದೊಡ್ಡ ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡಬೇಕು, ಆಮೇಲೆ ಎಡಕ್ಕೆ. ಗೊತ್ತಿಲ್ಲದವರು ದಾರಿ ಹೇಳಿದರೆ ನಂಬಬಾರದು. ಮಹಾದೇವಿ ಕಿಟಕಿಯಾಚೆಯ ಬರಿದಾದ ಎರೆ ಹೊಲಗಳನ್ನು ನೋಡುತ್ತ ಹೂಂ ಹೂಂ ಎನ್ನುತ್ತಿದ್ದಳು.

ರಾಯಚೂರಿನಲ್ಲಿ ಕೋಟೆ ಗೋಡೆಯ ಹತ್ತಿರ ಇಳಿದು, ರಸ್ತೆ ದಾಟಿಸಲೆಂದು ಆಕೆಯ ಕೈ ಹಿಡಿದೆ. "ಮಂದಿ ನೋಡ್ತಾರ, ಬಿಡ್ರಿ" ಎಂದು ಕೈ ಕೊಸರಿಕೊಂಡು, ಎರಡೂ ಮಕ್ಕಳ ರಟ್ಟೆ ಹಿಡಿದು, ಎರಡು ಲಾರಿಗಳ ನಡುವೆ ನೀರಿನಲ್ಲಿ ಮೀನು ಹೋದಂತೆ ಹೋಗಿ ಆಚೆ ದಡ ಸೇರಿದಳು. ನಾನು ಈಚೆ ನಿಂತು ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಒಂದು ಟಾಂಗಾ, ನಾಲ್ಕು ಸೈಕಲ್ಲು, ಒಂದು ಎಮ್ಮೆ ಹಿಂಡಿಗೆ ದಾರಿ ಬಿಟ್ಟು ಆಮೇಲೆ ದಾಟಿದೆ. ಮಗ ಆಚೆಯಿಂದ, "ಅಪ್ಪಾ, ಈಗ ಬಾ" ಎಂದು ಕೈ ಬೀಸುತ್ತಿದ್ದ.

ಬಜಾರಿನಲ್ಲಿ ಮುಂದಾಳತ್ವ ನನ್ನದು. ತೀನ್ ಕಂದೀಲ್ ಸರ್ಕಲ್ಲಿನ ಹಿಂದಿನ ಗಲ್ಲಿಗಳಲ್ಲಿ ಹತ್ತಿರದ ದಾರಿ ಗೊತ್ತೆಂದು ಹೊಕ್ಕವನು, ತಿರುಗಿ ತಿರುಗಿ ಅದೇ ಬಳೆ ಅಂಗಡಿಯ ಮುಂದೆ ಬಂದು ನಿಂತೆ. ಅಂಗಡಿಯವನು ಬೀಡಿ ಆರಿಸಿ, "ಬರ್ರಿ ಸಾಹೇಬ್ರ, ಮೂರನೇ ಸಲ ಬಂದೀರಿ, ಬಳಿ ಇಡಿಸಿಕೊಂಡ ಹೋಗ್ರಿ" ಎಂದ. ಮಹಾದೇವಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಲ್ಲಿಂದ ಹೊರಗೆ ಕರೆತಂದವಳೂ ಆಕೆಯೇ.

ಸೋತು ಟಾಂಗಾ ಹತ್ತಿದೆವು. ಟಾಂಗಾದವನು ನನ್ನ ಮುಖ ನೋಡಿಯೇ ಹೊಸಬನೆಂದು ತಿಳಿದು ಊರೆಲ್ಲ ಸುತ್ತಿಸತೊಡಗಿದ. ನಾನು ನನ್ನ ಕಚೇರಿಯ ಅರ್ಧಂಬರ್ಧ ಉರ್ದುವಿನಲ್ಲಿ ಒಂದು ವಾಕ್ಯ ಜೋಡಿಸುತ್ತಿರುವಾಗಲೇ ಹಿಂದಿನಿಂದ ಒಂದು ದನಿ ಬಂತು.

"ಐಸಾ ಘುಮಾಕೆ ನಕ್ಕೋ ಲೇಜಾವ್ ಭಾಯಿ, ರಸ್ತಾ ಹಮ್ನಾ ಮಾಲೂಮ್ ಹೈ."

ಸುತ್ತು ಹಾಕಿಸಬೇಡ ತಮ್ಮಾ, ದಾರಿ ನಮಗೂ ಗೊತ್ತು ಎಂದು. ಮಾತಾಡಿದವಳು ಮಹಾದೇವಿ. ಟಾಂಗಾದವನು ತಿರುಗಿ ನೋಡಿ, ಅಮ್ಮ ಹೈದರಾಬಾದಿನವರೇನು ಎಂದು ಕೇಳಿದ. ಎರಡು ವರ್ಷ ಅಲ್ಲಿದ್ದೆ ಎಂದು ಆಕೆ ಅದೇ ಭಾಷೆಯಲ್ಲಿ ಹೇಳಿದಳು. ಕುದುರೆ ನೆಟ್ಟಗೆ ನಡೆಯಿತು. ನಾನು ಮಾತ್ರ ಅಲುಗಲಿಲ್ಲ. ನಮ್ಮ ಮದುವೆಯಾಗಿ ಆಗ ಹನ್ನೊಂದು ವರ್ಷ.

ಊಟಕ್ಕೆ ಒಂದು ಖಾನಾವಳಿಗೆ ಹೋದೆವು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಲೆ. ಬಡಿಸುವವನು ಬಂದು, "ಇನ್ನೊಂದು ಬಿಸಿದು ಹಾಕಲೇನ್ರಿ ಅಕ್ಕಾರ?" ಎಂದಾಗ ಮಹಾದೇವಿ ತಾಟಿನಿಂದ ಮುಖ ಎತ್ತಿ ಅವನನ್ನೇ ನೋಡಿದಳು, ತನಗೇ ಕೇಳಿದನೋ ಬೇರೆಯವರಿಗೋ ಎಂಬಂತೆ. ಆಮೇಲೆ "ಹಾಕಪ್ಪ" ಎಂದಳು. ಅದನ್ನು ಅವಸರವಿಲ್ಲದೆ, ಚೂರು ಚೂರೇ ಮುರಿದು ತಿಂದಳು.

"ನೀ ಹೈದರಾಬಾದಿನ್ಯಾಗ ಎರಡು ವರ್ಷ ಇದ್ದಿ?" ಎಂದೆ.

"ಇದ್ದೆ."

"ನನಗ ಹೇಳಿಲ್ಲಲ್ಲ."

"ನೀವು ಕೇಳಿಲ್ಲ."

ಸೋದರಮಾವನ ಮನೆಗೆ ಚಿಕ್ಕಂದಿನಲ್ಲಿ ಕೆಲವು ದಿನ ಹೋಗಿದ್ದಳೆಂದು ಗೊತ್ತಿತ್ತು. ಕೆಲವು ದಿನ ಎಂದರೆ ಎಷ್ಟು ಎಂದು ಕೇಳಬೇಕೆಂದು ತೋಚಿರಲಿಲ್ಲ. ಆಕೆ ಮಕ್ಕಳಿಗೆ ಮಜ್ಜಿಗೆ ಸುರಿಯುತ್ತ, ಯಾರದೋ ಮಾತು ಹೇಳುವಂತೆ ಹೇಳಿದಳು. ಹನ್ನೊಂದು ವರ್ಷದವಳಿದ್ದಾಗ ಅತ್ತೆಯ ಬಾಣಂತನಕ್ಕೆಂದು ಮಾವ ಬಂದು ಕರೆದೊಯ್ದರು. ಹದಿನೈದು ದಿನವೆಂದು ಹೋದದ್ದು ಎರಡು ವರ್ಷವಾಯಿತು. ಎರಡು ಕೋಣೆಯಲ್ಲಿ ಒಂಬತ್ತು ಜನ. ಮಾನ್ವಿಯ ಶಾಲೆ ಅಲ್ಲಿಗೇ ನಿಂತಿತು.

"ಎರಡು ವರ್ಷದಾಗ ಏನೇನು ನೋಡಿದಿ ಅಲ್ಲಿ?"

"ನಳ ನೋಡೀನಿ," ಎಂದಳು. "ಓಣಿಗೊಂದು ನಳ ಇತ್ತು. ಅಲ್ಲೇ ಪಾಳಿ ಹಚ್ಚಿ ನಿಂತು ಈ ಭಾಷಾ ಕಲಿತೆ."

ನಾನು ನಕ್ಕೆ. ಆಕೆಯೂ ನಕ್ಕಳು. ಆದರೆ ನನ್ನ ನಗು ಮೊದಲು ನಿಂತಿತು.

"ಬಾಂಬೆದಾಗ ನಿಮ್ಮಣ್ಣಗ ಒಂದೇ ಖೋಲಿ," ಎಂದು ಮುಂದುವರಿಸಿದಳು. "ನಾವು ನಾಕು ಮಂದಿ ಹೋಗಿ ಇಳದ್ರ ರೊಟ್ಟಿ ಬಡಿಯೋರು ಯಾರು? ವೈನಿ ಬಡೀತಿದ್ರ ನಾ ಕುಂತು ನೋಡಲ್ಯಾ? ನೀವು ಗಂಡಸರು ಊರು ನೋಡ್ತೀರಿ, ನಾವು ಅಡಗಿಮನಿ ನೋಡ್ತೀವಿ. ಅಡಗಿಮನಿ ದೇವದುರ್ಗದಾಗೂ ಅದ. ಅದಕ್ಯಾಕ ರೈಲು ಹತ್ತಬೇಕು?"

ನನಗೆ ಹುಬ್ಬಳ್ಳಿ ನೆನಪಾಯಿತು. ಎರಡು ವರ್ಷದ ಹಿಂದೆ ಅಲ್ಲಿ ನಂಟರ ಮನೆಯಲ್ಲಿ ಐದು ದಿನ ಇದ್ದು ಬಂದಿದ್ದೆವು. ಹುಬ್ಬಳ್ಳಿ ಹೇಗಿದೆ ಎಂದು ಇವತ್ತಿಗೂ ನಾನು ಅರ್ಧ ಗಂಟೆ ಮಾತಾಡಬಲ್ಲೆ. ಆ ಐದು ದಿನ ಮಹಾದೇವಿ ಎಲ್ಲಿದ್ದಳು ಎಂದು ಯೋಚಿಸಿದರೆ ಒಂದು ಒಲೆ, ಆಕೆಯ ಬೆನ್ನು, ಇವೆರಡೇ ಕಾಣುತ್ತಿದ್ದವು.

ಸೀರೆ ತಗೊಂಡು ಸಂಜೆಯ ಬಸ್ಸಿಗೆ ಮರಳಿದೆವು. ಈ ಸಲ ನಾನು ಪಾಠ ಮಾಡಲಿಲ್ಲ.

ಮರುದಿನದಿಂದ ಹೊಸ ಹುಡುಕಾಟ. ಸುಮಾಳ ಶಾಲೆಯ ನಕಾಶೆ ಪುಸ್ತಕ ನೆಲದ ಮೇಲೆ ಹರವಿಕೊಂಡು, ನಮ್ಮವರು ಯಾರೂ ಇಲ್ಲದ ಒಂದು ಊರಿಗಾಗಿ ನಾಲ್ವರೂ ಬಗ್ಗಿ ಕೂತೆವು. ಇದು ಅಂದುಕೊಂಡಷ್ಟು ಸುಲಭವಲ್ಲ, ನೀವೂ ಮಾಡಿ ನೋಡಿ. ಗುಲಬರ್ಗಾದಲ್ಲಿ ನನ್ನ ತಂಗಿ. ಬಿಜಾಪುರದಲ್ಲಿ ಮಹಾದೇವಿಯ ದೊಡ್ಡಮ್ಮನ ಮಗ. ಹೊಸಪೇಟೆಯಲ್ಲಿ ನನ್ನ ಜೊತೆ ಓದಿದವನು, ಅವನ ಮನೆಗೆ ಹೋಗದಿದ್ದರೆ ಜನ್ಮವಿಡೀ ಮಾತು ಬಿಡುವವನು. ಕೊನೆಗೆ ಬಾದಾಮಿ ಉಳಿಯಿತು. ಎಲ್ಲರೂ ಹಿಗ್ಗುವ ಹೊತ್ತಿಗೆ ಮಹಾದೇವಿ, "ಅಲ್ಲಿ ಟಪಾಲ್ ಆಫೀಸಿನ್ಯಾಗ ನಮ್ಮ ಕಾಕಾನ ಬೀಗ್ರು ಅದಾರ" ಎಂದು ಕೈ ಚೆಲ್ಲಿದಳು. ನಾನು ಎರಡು ದಿನ ವಿಚಾರಿಸಿ ಸುದ್ದಿ ತಂದೆ. ಅವರಿಗೆ ಹೋದ ತಿಂಗಳು ವರ್ಗವಾಗಿತ್ತು. ನಂಟರ ವರ್ಗಾವಣೆಗೆ ಅಷ್ಟು ಸಂತೋಷಪಟ್ಟ ಮನೆ ಇನ್ನೊಂದಿರಲಿಕ್ಕಿಲ್ಲ.

ಹೊರಡುವ ಮೊದಲು ಹೇಳಿ ಬರಲು ಮಾನ್ವಿಗೆ ಹೋದೆವು. ನಮ್ಮತ್ತೆ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು.

"ಬಾದಾಮ್ಯಾಗ ನಮ್ಮವ್ರು ಯಾರದಾರ?" ಎಂದು ಮಗಳನ್ನು ಕೇಳಿದರು.

"ಯಾರೂ ಇಲ್ಲ ಬೇ."

"ಯಾರೂ ಇಲ್ಲದ ಊರಾಗ ಏನ್ ಮಾಡ್ತೀರಿ?"

"ಏನೂ ಮಾಡಂಗಿಲ್ಲ."

ಅತ್ತೆಯ ಕೈ ನಿಂತಿತು. ಮಗಳ ಮುಖವನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ನಾನು ಎದ್ದು ನಿಲ್ಲುವುದರಲ್ಲಿದ್ದೆ. ಅವರು ಮೆಣಸಿನಕಾಯಿಯ ಮೊರ ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

"ಅಳಿಯಂದ್ರ, ನನ್ನೂ ಕರಕೊಂಡ ಹೋಗ್ರಿ."

ಹೀಗೆ ಐವರಾದೆವು. ಬಸ್ಸು ಬದಲಿಸಿ ಬದಲಿಸಿ ಒಂದು ಇಡೀ ಹಗಲು ಪ್ರಯಾಣ. ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜಿನಲ್ಲಿ ಎರಡು ಕೋಣೆ ಹಿಡಿದೆವು, ಒಂದು ಅತ್ತೆಗೂ ಮಹಾದೇವಿಗೂ, ಇನ್ನೊಂದು ನನಗೂ ಮಕ್ಕಳಿಗೂ. ಮರುದಿನ ಅತ್ತೆ ರೂಢಿಯಂತೆ ಐದಕ್ಕೇ ಎದ್ದು ಮಂಚದ ತುದಿಯಲ್ಲಿ ಕೂತು, "ಈಗ ಏನ್ ಮಾಡಬೇಕು?" ಎಂದು ಕೇಳಿದರಂತೆ. "ಮಲಕ್ಕೋ" ಎಂದು ಮಗಳು ಹೊದಿಕೆ ಎಳೆದುಕೊಂಡಳಂತೆ. ಮಹಾದೇವಿ ಎದ್ದದ್ದು ಎಂಟಕ್ಕೆ. ಮಕ್ಕಳಿಗೆ ಸ್ನಾನ ಮಾಡಿಸಿ, ಮಗಳ ತಲೆ ಬಾಚಿ, ಮಗನ ಅಂಗಿಗೆ ಗುಂಡಿ ಹಾಕಿ ತಯಾರು ಮಾಡಿದವನು ನಾನು. ಬೈತಲೆ ಸೊಟ್ಟಾಗಿದೆ ಎಂದು ಸುಮಾ ದಿನವಿಡೀ ಗೊಣಗಿದಳು.

ಗುಹೆಗಳನ್ನು ಮಹಾದೇವಿ ಎರಡು ನೋಡಿ, "ಉಳಿದವೂ ಹಿಂಗ ಇರತಾವ, ನೀವು ನೋಡಿ ಬರ್ರಿ" ಎಂದು ತಾಯಿಯನ್ನು ಕರೆದುಕೊಂಡು ಕೆಳಗಿಳಿದಳು. ನಾನು ಮಕ್ಕಳೊಡನೆ ಮೇಲೆ ಹೋಗಿ, ಮಂಗಗಳಿಗೆ ಬಾಳೆಹಣ್ಣು ಒಪ್ಪಿಸಿ, ಮರಳಿ ಬಂದಾಗ ತಾಯಿ ಮಗಳು ಗುಡ್ಡದ ಕೆಳಗಿನ ಹೊಂಡದ ಕಲ್ಲುಮೆಟ್ಟಿಲ ಮೇಲೆ ಕೂತಿದ್ದರು. ಕೆಳಗೆ ಊರಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬೇರೆಯವರು ಬಟ್ಟೆ ಒಗೆಯುವುದನ್ನು ಇಬ್ಬರೂ ನಾಟಕ ನೋಡುವವರಂತೆ ನೋಡುತ್ತಿದ್ದರು. ನಾನು ನಾಲ್ಕು ಮೆಟ್ಟಿಲು ಮೇಲೆಯೇ ನಿಂತೆ.

"ನಿನ್ನ ಹೈದರಾಬಾದಿಗೆ ಕಳಸಬಾರದಿತ್ತು," ಎಂದರು ಅತ್ತೆ. "ಹದಿನೈದು ದಿನ ಅಂದಿದ್ದ ನಮ್ಮಣ್ಣ. ಆಮ್ಯಾಲ ನಿನ್ನ ಕರಕೊಂಡು ಬಾ ಅನ್ನಾಕ ನನಗ ಬಾಯಿ ಬರಲಿಲ್ಲ."

"ಆತು ಬಿಡ ಬೇ."

"ಸಾಲಿ ಹೋತಲ್ಲ ನಿಂದು."

ಸ್ವಲ್ಪ ಹೊತ್ತಿಗೆ ಅತ್ತೆ, "ಬಾ ಇಲ್ಲಿ, ಹೆರಳು ಹಾಕ್ತೀನಿ" ಎಂದರು. ಎರಡು ಮಕ್ಕಳ ತಾಯಿ ಒಂದು ಮೆಟ್ಟಿಲು ಕೆಳಗಿಳಿದು ತಾಯಿಯ ಮೊಣಕಾಲ ನಡುವೆ ಕೂತಳು. ನಾನು ಮಕ್ಕಳನ್ನು ಕರೆದುಕೊಂಡು ಚಹಾದ ಅಂಗಡಿಯ ಕಡೆ ಹೋದೆ. ಆ ಹೆರಳು ಮುಗಿಯುವ ತನಕ ನಾವು ಮೂವರೂ ಅಲ್ಲೇ ಇದ್ದೆವು.

ಕಚೇರಿಗೆ ಮರಳಿದಾಗ ರಾಜಾಸಾಬರು ಕೇಳಿದರು, "ಏನೇನು ನೋಡಿದ್ರಿ?"

"ನಮ್ಮನಿಯಾಕಿ ಎಂಟು ಗಂಟಿ ತನಕ ಮಲಗಿದ್ದು ನೋಡಿದೆ," ಎಂದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡು, ತಿರುಗಿ ಕಡತದೊಳಗೆ ಮುಖ ಇಟ್ಟರು.

ಮೊನ್ನೆ ಸಂಜೆ ಪಕ್ಕದ ಮನೆಯವನು ಮತ್ತೆ ಗೋಡೆಯ ಹತ್ತಿರ ಬಂದಾಗ, "ಅವರು ದೊಡ್ಡ ಊರು ಯಾಕ ಬ್ಯಾಡಂತಾರ, ಕೇಳೀರೇನು?" ಎಂದೆ.

"ಅದರಾಗೇನು ಕೇಳೂದದರೀ ಸರ್, ಗದ್ದಲ ಇರತದ, ಅದಕ್ಕ."

"ಒಮ್ಮೆ ಕೇಳ್ರಿ."

ಅವನು ಒಳಗೆ ಹೋದ. ನಾನೂ ಒಳಗೆ ಬಂದೆ, ದೊಡ್ಡ ಉಪದೇಶ ಮಾಡಿದವನ ಠೀವಿಯಿಂದ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಠೀವಿ ಇಳಿಯಿತು. ಬಾದಾಮಿಯ ನಂತರ ನಾವು ಹೋದ ಗೋಕರ್ಣ, ಶ್ರೀಶೈಲ, ಐಹೊಳೆ ಎಲ್ಲ ನಮ್ಮವರು ಯಾರೂ ಇಲ್ಲದ ಊರುಗಳೇ, ನಿಜ. ಆದರೆ ಅಷ್ಟನ್ನೂ ಆರಿಸಿದವನು ನಾನೇ. ಒಂದು ಸಲ ತಿಳಿದುಕೊಂಡೆನೆಂಬ ಹೆಮ್ಮೆಯಲ್ಲಿ ಎರಡನೇ ಸಲ ಕೇಳುವುದನ್ನೇ ಬಿಟ್ಟಿದ್ದೆ.

ಮಹಾದೇವಿ ಕನ್ನಡಕ ಹಾಕಿಕೊಂಡು ಪೇಪರು ಓದುತ್ತಿದ್ದಳು. ಎದುರಿಗೆ ಕೂತು ಕೇಳಿದೆ.

"ನಿನಗ ಯಾವ ಊರು ನೋಡಬೇಕನಸ್ತದ?"

"ಈಗ್ಯಾಕ?"

"ಸುಮ್ನ. ನೀ ಹೇಳು. ಈ ಸಲ ನಾ ಏನೂ ಹೇಳಂಗಿಲ್ಲ."

ಪೇಪರು ಮಡಿಚಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಹಂಗಾರ ವಿಚಾರ ಮಾಡಿ ಹೇಳಬೇಕಾಗತದ," ಎಂದಳು.

ಇವತ್ತಿಗೆ ಮೂರನೇ ದಿನ. ಇನ್ನೂ ಹೇಳಿಲ್ಲ. ನಿನ್ನೆ ಮಧ್ಯಾಹ್ನ ಒಮ್ಮೆ ಬಾಯಿ ತೆರೆದವಳು, "ಇಲ್ಲ, ತಡೀರಿ" ಎಂದು ನಿಲ್ಲಿಸಿ ತನ್ನಷ್ಟಕ್ಕೆ ನಕ್ಕಳು. ನಾನು ಅವಸರ ಮಾಡಿಲ್ಲ.