ಎತ್ತುಗಳನ್ನು ಕರೆದ ಧ್ವನಿ

ಚಿಗವ್ವಾ, ಅಂದು ಕೊಟ್ಟಿಗೆಯ ಹಿಂದಿನಿಂದ ಎತ್ತುಗಳನ್ನು ಕರೆದದ್ದು ತೀರಿಹೋದ ಕಾಕಾ ಅಲ್ಲ — ನಾನು.

ಬರೆದುಬಿಟ್ಟೆ. ಇನ್ನು ಹಿಂದೆ ಸರಿಯುವಂತಿಲ್ಲ — ಸರಿಯಲೂಬಾರದು.

ನನ್ನ ಗುಣ ನಿನಗೆ ಗೊತ್ತೇ ಇದೆ. ಸವದತ್ತಿ ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ ಮಾತಾಡುವುದನ್ನು, ನಮ್ಮ ಮಾಸ್ತರರು ಬೈಯುವ ಮುಂಚೆ ಕನ್ನಡಕ ಒರೆಸುವುದನ್ನು, ಅಪ್ಪನ ಆಕಳಿಕೆಯನ್ನು — ಯಾರನ್ನೂ ಬಿಟ್ಟವನಲ್ಲ. ಕನ್ಯಾ ನೋಡಲು ಹೋದಾಗ ನಾನೇ ತೊದಲಿದ್ದನ್ನೂ ಮಾಡಿ ತೋರಿಸಿ ನಿಮ್ಮನ್ನೆಲ್ಲ ನಗಿಸಿದ್ದೇನೆ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಕಾಕಾನ ಧ್ವನಿ. ನಮಗೆಲ್ಲ "ಬಾರಲೇ" ಅನ್ನುತ್ತಿದ್ದವನು ಎತ್ತುಗಳಿಗೆ ಮಾತ್ರ "ಬರ್ರೆಪಾ" ಅನ್ನುತ್ತಿದ್ದ! "ಈ ಮನ್ಯಾಗ ಮರ್ಯಾದಿ ಬೇಕಂದ್ರ ಕೋಡ ಇರಬೇಕು ನೋಡ" ಅಂತ ನೀನು ಹಂಗಿಸುತ್ತಿದ್ದೆ.

ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷ, ಹಿಂಗಾರಿ ಬಿತ್ತನೆಗೆ ಮುಂಚೆ, ಕಾಕಾ ಜ್ವರದಲ್ಲಿ ಹೋದ. ನಿನಗೆ ಮಕ್ಕಳಿಲ್ಲ. ರಾಮದುರ್ಗದಿಂದ ನಿನ್ನ ಅಣ್ಣ ಕರೆದೊಯ್ಯಲು ಬಂದ. ಎತ್ತುಗಳಿಗೆ ಬೈಲಹೊಂಗಲದ ಗಿರಾಕಿಯೂ ಸಿಕ್ಕಿದ್ದ. ಆ ಮಧ್ಯಾಹ್ನ ನೀನು ಕೊಟ್ಟಿಗೆಯೊಳಗೆ ಅವುಗಳ ಮೈ ತಿಕ್ಕುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ — ನಿಜವಾಗಿಯೂ ಗೊತ್ತಿರಲಿಲ್ಲ. ಹಿತ್ತಿಲಲ್ಲಿ ಒಬ್ಬನೇ ಕೂತಿದ್ದೆ. ಕಾಕಾನ ಧ್ವನಿ ಎಲ್ಲಿ ಮರೆತುಹೋಗುತ್ತದೋ ಎಂದು ಹೆದರಿಕೆಯಾಯಿತು. ಒಮ್ಮೆ ಕೆಮ್ಮಿ, ಅವನಂತೆಯೇ ಎಳೆದು ಕೂಗಿದೆ:

"ನಡೀರೆಪಾ, ಹೊತ್ತಾತು! ಹೊಲಾ ಹಾದಿ ನೋಡಾಕಹತ್ತೇತಿ."

ಒಳಗೆ ಎತ್ತುಗಳ ಕೊರಳಗಂಟೆಗಳು ಒಮ್ಮೆಲೇ ಸದ್ದು ಮಾಡಿದವು. ಆಮೇಲೆ — ನಿನ್ನ ಅಳು.

ಓಡಿ ಬಂದು ಹೇಳಬೇಕಿತ್ತು. ಹಿತ್ತಿಲ ಬಾಗಿಲತನಕ ಬಂದೆ. ಅಷ್ಟರಲ್ಲಿ ನೀನು ಅಣ್ಣನ ಎದುರು ನಿಂತು, "ಅವರು ಕರದಾರ. ನಾ ಬರೂದಿಲ್ಲ" ಅಂದಿದ್ದೆ. ನೀನು ಹೋಗಬಾರದೆಂಬ ಆಸೆ ನನಗೂ ಇತ್ತು — ಅದಕ್ಕೇ ಸುಮ್ಮನಾದೆ. ಅಂದು ಸುಮ್ಮನಾದವನು ಇಂದಿನವರೆಗೂ...

ಆ ಬಿತ್ತನೆ ನೆನಪಿದೆಯೇ? ಗಂಡಸು ಕೂರಿಗೆ ಹೊಡೆಯುವುದು, ಹೆಂಗಸು ಹಿಂದೆ ನಡೆಯುತ್ತ ಬೀಜ ಬಿಡುವುದು ನಮ್ಮ ಪದ್ಧತಿ. ನೀನು ಬೀಜದ ಕೆಲಸವನ್ನು ನನ್ನ ಅವ್ವನಿಗೆ ಒಪ್ಪಿಸಿ, ಮಾರದೆ ಉಳಿಸಿಕೊಂಡ ಎತ್ತುಗಳ ಹಗ್ಗ ಹಿಡಿದೆ. ನನಗೋ ಎತ್ತಿನಂತೆ ಒದರಲು ಬರುತ್ತಿತ್ತು, ಎತ್ತು ಹೊಡೆಯಲು ಬರುತ್ತಿರಲಿಲ್ಲ. ಅವು ಕದಲಲಿಲ್ಲ. ಬದುವಿನ ಮೇಲಿದ್ದವರು ನಕ್ಕರು. ಕಾಕಾನ ಕೂಗು ನನ್ನ ಗಂಟಲಿನವರೆಗೆ ಬಂದಿತ್ತು — ಹೊರಗೆ ಬಿಡಲಿಲ್ಲ. ನೀನು ರಮಿಸಿದೆ, ಬೈದೆ, ಅತ್ತೆ. ಕಡೆಗೆ, "ಹ್ವಾದವರ ಹಾದಿ ಎಷ್ಟಂತ ನೋಡ್ತೀರಿ? ನಾ ಇದ್ದೇನಿ, ನಡೀರಿ!" ಎಂದು ಚೀರಿದೆ.

ನಡೆದವು. ಸಾಲುಗಳೆಲ್ಲ ಸೊಟ್ಟ — ಜೋಳ ಮಾತ್ರ ಎದೆಮಟ್ಟ ಬಂತು.

ಇನ್ನು ಹೇಳುವ ಅಗತ್ಯವೇ ಇಲ್ಲವೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಆದರೆ ನೆರೆಮನೆಯ ಶಾಂತವ್ವ — ಈ ವರ್ಷ ಗಂಡನನ್ನು ಕಳೆದುಕೊಂಡವಳು. ಧೈರ್ಯ ಬರಲಿ ಎಂದು ಪ್ರೀತಿಯಿಂದಲೇ ನೀನು ಅವಳಿಗೆ ಆ ಕೂಗಿನ ಕತೆ ಹೇಳಿದೆ. ಈಗ ಅವಳು ದಿನಾ ಗಂಡನ ಮಗ್ಗದ ಹತ್ತಿರ ಕೂತು ಕಿವಿಗೊಡುತ್ತಾಳೆ. ನಿನ್ನೆ ನನ್ನನ್ನು ಕೇಳಿದಳು: "ನಿಮ್ಮ ಚಿಗವ್ವಗ ಕೇಳಿಸ್ತು, ನನಗ್ಯಾಕ ಕೇಳವಲ್ದು? ಅವರಿಗೆ ನನ್ನ ಮ್ಯಾಲ ಸಿಟ್ಟ ಐತೇನ್ರಿ?"

ಮನೆಗೆ ಬಂದು ಈ ಕಾಗದ ಬರೆಯಲು ಕೂತೆ — ನನ್ನದೇ ಧ್ವನಿಯಲ್ಲಿ.

ಕಾಕಾನ ಕಡೆಯ ಮಾತು ಎಂದು ನೀನು ಕಾಪಾಡಿಕೊಂಡದ್ದನ್ನು ಕಸಿದುಕೊಳ್ಳುತ್ತಿದ್ದೇನೆ, ಚಿಗವ್ವಾ. ಬದಲಿಗೆ ಕೊಡಲು ನನ್ನಲ್ಲಿ ಏನೂ ಇಲ್ಲ. ಆ ಹೊಲದಲ್ಲಿ ಕಾಕಾ ನಿನ್ನನ್ನು ಕರೆದಿರಲಿಲ್ಲ, ಹಿಂದೆ ನಿಂತಿರಲಿಲ್ಲ, ಎತ್ತು ನಡೆಸಿದ್ದು ನಿನ್ನ ಧ್ವನಿಯೇ — ಅಷ್ಟು ಗೊತ್ತಿದ್ದವನು ನಾನೊಬ್ಬನೇ, ನಿನಗೂ ಹೇಳಲಿಲ್ಲ.

ಇದನ್ನು ನಿನ್ನೆದುರು ಕೂತು ಓದಿದ ಮೇಲೆ ಶಾಂತವ್ವನ ಮನೆಗೆ ಹೋಗುತ್ತೇನೆ. ನೀನು ಜೊತೆಗೆ ಬರುತ್ತೀಯೋ, ನನ್ನ ಮುಖವನ್ನೇ ನೋಡುವುದಿಲ್ಲವೋ — ನಿನಗೆ ಬಿಟ್ಟದ್ದು. ಅವಳ ಗಂಡನಿಗೆ ಅವಳ ಮೇಲೆ ಸಿಟ್ಟಿಲ್ಲವೆಂದು ಇಂದೇ ಹೇಳಬೇಕು.