‘ಬರ್ತೇವ್ರಿ’ ಅಂದವರ ಭಜ್ಜಿ

ನನ್ನ ಫೋನಿನಲ್ಲಿ ಇಡೀ ಬೀದರ್ ಜಿಲ್ಲೆ ಕೂತು ಚಹಾ ಕುಡಿಯುತ್ತಿತ್ತು. ನನ್ನ ಕೆಫೆಯಲ್ಲಿ ಮಾತ್ರ ಪಕ್ಕದ ಅಂಗಡಿಯ ಟೇಲರ್ ಚಾಚಾ ಒಬ್ಬರೇ ಕುಡಿಯುತ್ತಿದ್ದರು. ಅದೂ ಅರ್ಧ ಕಪ್ಪು.

ನಾನು ಫೋನಿನಲ್ಲಿ ಕಥೆ ಹೇಳುವ ಹೆಂಗಸು. ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವವರ ಜಗಳ, ಮದುವೆಯ ಊಟದಲ್ಲಿ ಮುನಿಸಿಕೊಂಡ ಬೀಗರು, ಇಂಥವನ್ನು ನಮ್ಮ ಕಡೆಯ ಮಾತಿನಲ್ಲೇ ಹೇಳುತ್ತೇನೆ. ಜನ ನಗುತ್ತಾರೆ. ಇಷ್ಟು ಮಂದಿ ನನ್ನ ಮಾತು ಕೇಳುತ್ತಾರಲ್ಲ, ಅದರಲ್ಲಿ ನಾಲ್ಕು ಜನ ಬಂದು ಕೂತರೂ ಸಾಕು ಎಂದುಕೊಂಡು ಬೀದರ್ ಬಸ್ ನಿಲ್ದಾಣದ ಹತ್ತಿರ ಕೆಫೆ ತೆರೆದೆ. ಅಡುಗೆ ನನ್ನ ನೆಗೆಣ್ಣಿಯದು, ಅಂದರೆ ಮೈದುನನ ಹೆಂಡತಿಯದು. ಹಲಬರ್ಗಾದವಳು. ಅವಳ ಕೈಯ ಪುಂಡಿಪಲ್ಯ ತಿಂದವರು ತಟ್ಟೆ ಬಿಟ್ಟು ಏಳುವುದಿಲ್ಲ. ನನಗೆ ಅಡುಗೆ ಬರುವುದಿಲ್ಲ. ನಾನು ಚಹಾ ಮಾಡಿದ ದಿನ ಚಾಚಾ ಒಂದು ಗುಟುಕು ಕುಡಿದು ಕೇಳುತ್ತಾರೆ: “ಇವತ್ತ ತಂಗಿ ಬಂದಿಲ್ಲೇನ್ರಿ?”

ಹಾಗಾಗಿ ಬೀದರ್ ಹೊರಗಿನ ಕೊಳಾರದ ಒಂದು ಫ್ಯಾಕ್ಟರಿಯ ಕ್ಯಾಂಟೀನಿಗೆ ಅಡುಗೆಗೆ ಬಾ ಎಂದು ಅವಳನ್ನು ಕರೆದಾಗ ನಾನು ಹೆದರಿದೆ. ಅವಳು ಹೋದರೆ ಕೆಫೆ ಮುಚ್ಚಿದಂತೆಯೇ.

“ಯುಗಾದಿ ತನಕ ನೋಡ್ತೇನಕ್ಕ,” ಅಂದಳು. “ಖಾಲಿ ಕುರ್ಚಿಗೆ ಅಡಗಿ ಮಾಡಿ ಮಾಡಿ ಬ್ಯಾಸರ ಬಂದದ.”

ಬೋರ್ಡಿನ ಮೇಲೆ ‘ಕೆಫೆ’ ಎಂದು ಬರೆಸಿದ್ದೇ ಮೊದಲ ಎಡವಟ್ಟು. ನಮ್ಮೂರಿನಲ್ಲಿ ಕೆಫೆ ಎಂದರೆ ಇಂಟರ್ನೆಟ್ ಕೆಫೆ. ಚಹಾ ಕೇಳಿದವರಿಗಿಂತ “ಆಧಾರ್ ಪ್ರಿಂಟ್ ಆಗ್ತದೇನ್ರಿ?” ಎಂದು ಕೇಳಿದವರೇ ಹೆಚ್ಚು. ಒಬ್ಬ ಅಜ್ಜನಂತೂ ಪಹಣಿ ತೆಗೆದುಕೊಡಿ ಎಂದು ಹಟ ಹಿಡಿದು ಕೂತಿದ್ದ. ಚಹಾ ಕೊಟ್ಟರೆ, “ಇದಕ್ಕ ಬ್ಯಾರೆ ರೊಕ್ಕ ಏನವಾ?” ಅಂದ.

ಆ ಹೊತ್ತಿಗೆ ಯಾವುದೋ ವಿಡಿಯೊದಲ್ಲಿ ಒಬ್ಬ ಪುಣ್ಯಾತ್ಮ ಹೇಳಿದ: ಜಾಹೀರಾತು ಹಾಕಬೇಡಿ, ಜನರ ಜೊತೆ ಮಾತಾಡಿ. ಪ್ರಶ್ನೆ ಕೇಳಿ, ಉತ್ತರ ಕೊಡಿ, ಗಿರಾಕಿ ತಾನಾಗಿ ಬರುತ್ತಾನೆ. ಮಾತಾಡುವುದೇನು ನನಗೆ ಹೊಸದೆ? ಅವತ್ತೇ ಹಾಕಿದೆ: “ಎಳ್ಳಮಾಸಿ ಭಜ್ಜಿಗೆ ಹುಣಸಿಹಣ್ಣೋ, ಮಜ್ಜಿಗಿಯೋ?”

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಉಣ್ಣುವ, ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ ಕುದಿಸುವ ನಮ್ಮ ಭಜ್ಜಿಯ ಮಾತು. ಬೆಂಕಿಯೇ ಬಿತ್ತು. ಭಾಲ್ಕಿಯವರು ಒಂದು ಕಡೆ, ಔರಾದಿನವರು ಒಂದು ಕಡೆ. “ಭಜ್ಜಿಗೆ ಹುಣಸಿ ಹಾಕೋರು ಮನಿ ನೀರಿಗೂ ಹುಣಸಿ ಹಾಕ್ತಾರ” ಎಂದು ಒಬ್ಬ. “ನಿಮ್ಮವ್ವಗ ಕೇಳು ಮೊದಲ” ಎಂದು ಇನ್ನೊಬ್ಬ. ಪುಣೆಯಿಂದ, ಹೈದರಾಬಾದಿನಿಂದ, ದುಬೈಯಿಂದ ಬಾಯಲ್ಲಿ ನೀರು ಬಂತೆಂದು ಬರೆದರು. ನಾನು ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ. ಕೈ ಸೋತಾಗ ಹಾರ್ಟ್ ಒತ್ತಿದೆ.

“ಅಕ್ಕ, ಹಾಲ ಉಕ್ಕಲತ್ತದ!” ಎಂದು ನೆಗೆಣ್ಣಿ ಹಿಂದಿನಿಂದ ಕೂಗುತ್ತಿದ್ದಳು. ನಾನು ಗಿರಾಕಿಗಳ ಜೊತೆ ಮಾತಾಡುತ್ತಿದ್ದೆನಲ್ಲ, ಹಾಲು ಉಕ್ಕಿತು.

ಮಾತು ಇಷ್ಟು ಕಾದಿದೆ, ಇನ್ನು ರೊಟ್ಟಿ ಬಡಿಯೋಣ ಎಂದು ಕೇಳಿಯೇಬಿಟ್ಟೆ: “ಈ ಐತವಾರ ನಮ್ಮ ಕೆಫೆದಾಗ ಭಜ್ಜಿ, ಸಜ್ಜಿ ರೊಟ್ಟಿ. ಯಾರ್‍ಯಾರು ಬರ್ತೀರಿ?”

“ಬರ್ತೇವ್ರಿ ಅಕ್ಕಾ.” “ಮನಿ ಮಂದಿ ಎಲ್ಲಾ ಬರ್ತೇವ್ರಿ.” ಗಡಿ ಕಡೆಯವರು ಮರಾಠಿಯಲ್ಲಿ ‘ಯೇತೋ’ ಎಂದರು, ಜಹೀರಾಬಾದ್ ಕಡೆಯವರು ತೆಲುಗಿನಲ್ಲಿ ‘ವಸ್ತಾ’ ಎಂದರು. ಫೋನಿನ ಗಾಜಿನ ಮೇಲೆ ಬೆರಳು ಓಡಿಸಿದಷ್ಟೂ ಬರುವವರೇ. ನಾನು ಫೋನನ್ನು ನೆಗೆಣ್ಣಿಯ ಮುಖದ ಮುಂದೆ ಹಿಡಿದೆ. ಅವಳು ಓದಿದಳು. ಮನೆಗೆ ಹೋಗಿ ದೊಡ್ಡ ಬೋಗುಣಿ ತಂದಳು.

ಭಾನುವಾರ ಬಂತು. ಬೋಗುಣಿ ತುಂಬ ಭಜ್ಜಿ. ಬಿಸಿ ರೊಟ್ಟಿಯ ರಾಶಿ. ಚಾಚಾ ಮೊದಲು ಬಂದರು, ಪಾಪ, ಹಬ್ಬದ ಬಟ್ಟೆ ಹಾಕಿಕೊಂಡು. ಆಮೇಲೆ ಪ್ಯಾನ್ ಕಾರ್ಡ್ ಮಾಡಿಸಲು ಒಬ್ಬ. ಆಮೇಲೆ ಒಂದು ಗಂಡ-ಹೆಂಡತಿ ನಗುನಗುತ್ತಾ ಒಳಗೆ ಬಂದರು. ನಾನು ಎದ್ದು ಕುರ್ಚಿ ಒರೆಸಿದೆ.

“ಅಕ್ಕಾರ, ನಿಮ್ಮ ಎಲ್ಲಾ ವಿಡಿಯೊ ನೋಡ್ತೇವ್ರಿ,” ಅಂದ ಗಂಡ. “ಒಂದು ಸೆಲ್ಫಿ.”

“ಕೂಡ್ರಿ, ಊಟ ಮಾಡ್ರಿ ಮೊದಲ.”

“ಇಲ್ರಿ, ಮನ್ಯಾಗ ಉಂಡೇ ಬಂದೀವಿ,” ಅಂದಳು ಹೆಂಡತಿ. ಸೆಲ್ಫಿಯ ಹಿಂದೆ ಭಜ್ಜಿಯ ಬೋಗುಣಿ ಕಾಣುವ ಹಾಗೆ ನನ್ನನ್ನು ಸ್ವಲ್ಪ ಸರಿಸಿ ನಿಲ್ಲಿಸಿದಳು. ಹೋಗುವಾಗ ಇಬ್ಬರೂ ಕೈ ಮುಗಿದರು: “ಬರ್ತೇವ್ರಿ.”

ನೆಗೆಣ್ಣಿ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದಳು. ಅದು ನಗುವೋ ಸಿಟ್ಟೋ ನನಗೆ ತಿಳಿಯಲಿಲ್ಲ.

“ಏನಾತು?” ಅಂದೆ.

“ಅಕ್ಕ, ಎದ್ದು ಹೋಗೋ ಮಂದಿ ಏನಂತಾರ? ಹೋಗ್ತೇನಿ ಅಂತಾರೇನು? ಬರ್ತೇನಿ ಅಂತಾರ. ಮರಾಠಿಯವ್ರೂ ಯೇತೋ ಅಂದೇ ಹೋಗ್ತಾರ, ತೆಲುಗಿನವ್ರೂ ವಸ್ತಾ ಅಂದೇ ಹೋಗ್ತಾರ. ನಿನ್ನ ಫೋನಿನಾಗ ಅಷ್ಟೂ ಮಂದಿ ಎದ್ದು ಹೊಂಟಾರ, ನೀ ಬರಲತ್ತಾರ ಅಂತ ಅಡಗಿ ಮಾಡ್ಸೀದಿ.”

ಚಾಚಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಬಾತ್ ತೋ ಸಹೀ ಹೈ,” ಅಂದರು.

ನನಗೆ ಉರಿಯಿತು. ಇಷ್ಟು ವರ್ಷ ಮಾತಿನ ಮೇಲೇ ಬದುಕಿದವಳು ನಾನು. ನಮ್ಮ ಮಾತೇ ನನಗೆ ಕೈ ಕೊಡಬೇಕೆ? ಉಳಿದ ಭಜ್ಜಿಯನ್ನು ಓಣಿಯ ಮನೆಗಳಿಗೆಲ್ಲ ಹಂಚಿ ಬಂದು, ಫೋನು ಹಿಡಿದು ಕೂತೆ. ‘ಬರ್ತೇವ್ರಿ’ ಎಂದ ಪ್ರತಿಯೊಬ್ಬರ ಕೆಳಗೂ ಬರೆದೆ: “ಯಾವತ್ತು? ಎಷ್ಟಕ್ಕ? ಎಷ್ಟು ಮಂದಿ?”

ಬಂತು ನೋಡಿ ಉತ್ತರ. “ಅಕ್ಕಗ ಸೊಕ್ಕು ಬಂದದ.” “ಪ್ರೀತಿಲಿಂದ ಅಂದ್ರ ಸಾಲಿ ಮಾಸ್ತರಂಗ ಹಾಜರಿ ತಗೋತೀರೇನು?” “ನಾ ದುಬೈದಾಗ ಇದ್ದೀನ್ರಿ, ವಿಮಾನದ ಟಿಕೆಟ್ ಕಳಸ್ರಿ, ಬರ್ತೇನಿ.” ಕೆಲವರು ನನ್ನನ್ನು ಬಿಟ್ಟೇ ಹೋದರು, ಅದೂ ‘ಬರ್ತೇನಿ’ ಎಂದು ಹೇಳದೆ. ನನಗೆ ಹೋಗಲಿ ಅನ್ನಿಸಿತು. ಆಮೇಲೆ ಕ್ಯಾಲೆಂಡರ್ ನೋಡಿದೆ. ಯುಗಾದಿ ಹತ್ತಿರ ಬಂದಿತ್ತು.

ಆ ಬೈಗುಳದ ನಡುವೆ ಒಂದೇ ಒಂದು ಉತ್ತರ ಉತ್ತರದ ಹಾಗಿತ್ತು: “ಬುಧವಾರ. ಹನ್ನೊಂದಕ್ಕ. ಐದು ಹೆಣ್ಮಕ್ಕಳು. ಠಾಣಾ ಕುಶನೂರಲಿಂದ. ಬಾತ್‌ರೂಮ್ ಅದ ಏನ್ರಿ? ಮೊದಲೂ ಕೇಳಿದ್ದೆ. ನೀವು ಹಾರ್ಟ್ ಒತ್ತಿ ಸುಮ್ಮನಾದ್ರಿ.”

ಠಾಣಾ ಕುಶನೂರ ನಾನು ಹುಟ್ಟಿದ ಊರು. ಫೋನಿನಲ್ಲಿ ಹಿಂದಕ್ಕೆ ಹೋಗಿ ಹುಡುಕಿದೆ. ಹೌದು, ಹುಣಸೆ-ಮಜ್ಜಿಗೆಯ ಯುದ್ಧದ ನಡುವೆ ಅದೇ ಪ್ರಶ್ನೆ ಬಿದ್ದಿತ್ತು. ಅದರ ಪಕ್ಕ ನನ್ನ ಕೆಂಪು ಹಾರ್ಟ್. “ಅದರಿ, ಸ್ವಚ್ಛ ಅದ, ಒಳಗಿಂದ ಚಿಲಕ ಅದ” ಎಂದು ಬರೆದೆ.

ನೆಗೆಣ್ಣಿ ನಂಬಲಿಲ್ಲ. ಬುಧವಾರ ದೊಡ್ಡ ಬೋಗುಣಿ ಮುಟ್ಟಲಿಲ್ಲ, ಅವಲಕ್ಕಿ ಅಷ್ಟೇ ತೋಯಿಸಿಟ್ಟಳು.

ಬಂದರು. ಐವರೂ ಬಂದರು. ಮಹಿಳಾ ಸಂಘದ ಕೆಲಸಕ್ಕೆ ಪ್ರತಿ ಬುಧವಾರ ಬೀದರಿಗೆ ಬರುವವರು. ಒಬ್ಬರಾದ ಮೇಲೆ ಒಬ್ಬರು ಬಾತ್‌ರೂಮಿಗೆ ಹೋಗಿ ಬಂದು, ಕೂತು, ಮೊದಲು ನೀರು ಕೇಳಿದರು. ಜಗ್ ಖಾಲಿ ಮಾಡಿ ಇನ್ನೊಂದು ತರಿಸಿದರು.

“ಊರು ಬಿಟ್ಟ ಮ್ಯಾಲ ನೀರ ಕುಡಿಯಂಗಿಲ್ರಿ ನಾವು,” ಅಂದಳು ಅವರಲ್ಲಿ ಹಿರಿಯಳು. “ಕುಡದು ಎಲ್ಲಿಗಿ ಹೋಗೋದು?”

ಇಷ್ಟಾಗಿ, ಚೀಲ ಬಿಚ್ಚಿ ಮನೆಯಿಂದ ತಂದ ಬುತ್ತಿಯನ್ನು ನನ್ನ ಟೇಬಲ್ ಮೇಲೆ ಹರಡಿದರು! ನನ್ನ ಕೆಫೆಯಲ್ಲಿ, ಅವರ ರೊಟ್ಟಿ, ಅವರ ಶೇಂಗಾ ಚಟ್ನಿಪುಡಿ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

“ಅಲ್ರವಾ, ಇಲ್ಲಿ ಊಟ ಸಿಗ್ತದ ಅಂತ ಹೇಳಿದ್ನಲ್ಲ,” ಅಂದೆ.

“ಫೋನಿನಾಗ ಎಲ್ಲಾರೂ ಹೇಳ್ತಾರ್ರಿ. ಖರೇನ ಇರ್ತದಂತ ಯಾರಿಗಿ ಗೊತ್ತು?”

ನೆಗೆಣ್ಣಿ ಈ ಸಲ ಬಾಯಿ ಮುಚ್ಚಿಕೊಳ್ಳದೆ ನಕ್ಕಳು. ಒಳಗೆ ಹೋಗಿ ನಮ್ಮಿಬ್ಬರ ಊಟಕ್ಕೆಂದು ಮಾಡಿದ್ದ ಪುಂಡಿಪಲ್ಯ ಬಿಸಿ ಮಾಡಿ ತಂದು ಅವರ ರೊಟ್ಟಿಯ ಮೇಲೆ ಬಡಿಸಿದಳು, ಅವರ ಜೊತೆಗೇ ಕೂತಳು. ತನ್ನೂರು ಹಲಬರ್ಗಾ ಎಂದೊಡನೆ ಅದೇ ಒಬ್ಬಳ ಅತ್ತೆಯ ತವರು ಎಂದು ಹೊರಬಂತು. ಆ ಐದು ಹೆಂಗಸರು ಒಂದು ಮಧ್ಯಾಹ್ನ ಮಾಡಿದ ಗದ್ದಲವನ್ನು ನನ್ನ ಕೆಫೆ ಅಲ್ಲಿಯವರೆಗೆ ಕೇಳಿರಲಿಲ್ಲ. ವ್ಯಾಪಾರ? ಐದು ಚಹಾ, ಒಂದು ತಟ್ಟೆ ಮಿರ್ಚಿ.

ಎದ್ದು, “ಬರ್ತೇವ್ರಿ” ಅಂದರು. ನಾನು ಖಾಲಿ ಲೋಟ ಎತ್ತತೊಡಗಿದೆ.

“ಯಾವತ್ತು?” ಎಂದು ಕೇಳಿದವಳು ನೆಗೆಣ್ಣಿ.

“ಮುಂದಿನ ಬುಧವಾರ,” ಅಂದಳು ಹಿರಿಯಳು ಚಪ್ಪಲಿ ಮೆಟ್ಟುತ್ತಾ. “ಬುತ್ತಿ ತರಂಗಿಲ್ಲ. ನೀನ ಮಾಡು.”

ಐದು ಜನರಿಂದ ಕೆಫೆ ನಡೆಯುತ್ತದೆಯೇ? ಇಲ್ಲ. ಅವರು ಸಂಘದವರಿಗೆ ಹೇಳಿದರೆ ಹತ್ತಾಗಬಹುದು, ಆಗದೆಯೂ ಇರಬಹುದು. ಬೋರ್ಡನ್ನಂತೂ ಬದಲಾಯಿಸಿದೆ. ‘ಊಟ, ಚಾ’ ಎಂದು ದೊಡ್ಡದಾಗಿ, ಕೆಳಗೆ ‘ಹೆಣ್ಮಕ್ಕಳಿಗೆ ಬಾತ್‌ರೂಮ್ ಅದ’ ಎಂದು ಅಷ್ಟೇ ದೊಡ್ಡದಾಗಿ. ಫೋನಿನಲ್ಲೂ ಅದನ್ನೇ ಹಾಕಿದೆ. ಯಾರೂ ಜಗಳ ಆಡಲಿಲ್ಲ. ಹಾರ್ಟೂ ಹೆಚ್ಚು ಬೀಳಲಿಲ್ಲ.

ಯುಗಾದಿಯ ಮುಂಚಿನ ಸಂಜೆ ಕೊಳಾರದಿಂದ ನೆಗೆಣ್ಣಿಗೆ ಫೋನ್ ಬಂತು. ಹೊರಗೆ ಹೋಗಿ ಮಾತಾಡಿ ಬಂದಳು. ಒಲೆ ಒರೆಸಿದಳು, ಬೋಗುಣಿ ಬೋರಲು ಹಾಕಿದಳು, ಸೆರಗು ಸರಿಮಾಡಿಕೊಂಡಳು.

“ಬರ್ತೇನಕ್ಕ,” ಅಂದಳು.

ಊರಿನವರಿಗೆಲ್ಲ ಕೇಳಿದ ಬಾಯಿ ನನ್ನದು, ಈಗ ಏಳಲಿಲ್ಲ. ಟೇಬಲ್ ಒರೆಸುತ್ತ ನಿಂತೆ.

ಅವಳು ಬಾಗಿಲ ಹತ್ತಿರ ನಿಂತು ತಿರುಗಿದಳು. “ಯಾಕ, ನಂಗ ಕೇಳಂಗಿಲ್ಲೇನು?”

“ಯಾವತ್ತು?” ಅಂದೆ. “ಎಷ್ಟಕ್ಕ?”

“ಹಬ್ಬದ ಮರುದಿನ. ಏಳಕ್ಕ. ಅಷ್ಟರಾಗ ಪುಂಡಿ ಸೊಪ್ಪು ಸೋಸಿಡು, ಫೋನ್ ಹಿಡ್ಕೊಂಡು ಕೂಡಬ್ಯಾಡ.” ಮೆಟ್ಟಿಲಿಳಿದ ಮೇಲೆ ಮತ್ತೆ ಕೂಗಿದಳು: “ಅದರ ಮುಂದಿಂದು ಈಗ ಕೇಳಬ್ಯಾಡ.”