ಅರ್ಕಾವತ್ತು ದಾರಿ ತಪ್ಪಿದಾಗ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನಮ್ಮ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡಲು ಬರುತ್ತಿದ್ದ ಅಂಗಡಿಕಾರರೊಬ್ಬರಿಗೆ ಪ್ರೋಗ್ರಾಂ ಬರೆಯುವ ಹುಚ್ಚಿತ್ತು. ನಾನು ಅವರನ್ನು ಭಾಯಾರ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಇಬ್ಬರೂ ಸೇರಿ ಹಳ್ಳಿಯ ಗ್ರಂಥಾಲಯಗಳಿಗಾಗಿ ಒಂದು ಪ್ರೋಗ್ರಾಂ ಮಾಡಿದೆವು. ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೊಡೆದರೆ ಅದು ಯಾವ ಕಪಾಟಿನಲ್ಲಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ. ಯಾರು ಬೇಕಾದರೂ ಬಳಸಲಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಲಿ ಎಂದು ಅದನ್ನು ಇಂಟರ್ನೆಟ್ಟಿನಲ್ಲಿ ಮುಕ್ತವಾಗಿ ಇಟ್ಟಿದ್ದೆವು.

ಆದರೆ ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸುವ ಭಾಗ ನಮ್ಮದಾಗಿರಲಿಲ್ಲ. ಆಂಧ್ರದವರೊಬ್ಬರು ಅದನ್ನು ತೆಲುಗು, ಕನ್ನಡ ಎರಡಕ್ಕೂ ಆಗುವಂತೆ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಅವರ ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಅವರು ಹೊಸದೇನಾದರೂ ಹೊರತಂದರೆ ನಾವು ಅದನ್ನು ತಂದು ನಮ್ಮದಕ್ಕೆ ಜೋಡಿಸುತ್ತಿದ್ದೆವು.

ಹಾಗೆ ಜೋಡಿಸಿದ ಒಂದು ವಾರಕ್ಕೆ ಹೆಬ್ಬಳ್ಳಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳ ಫೋನ್ ಬಂತು.

“ಅಕ್ಕಾರ, ಕಂಪ್ಯೂಟರಿಗೆ ಏನಾಗೇತ್ರಿ? ಓದಾಕ ಬಂದ ಹಿರ್ಯಾರು, ಇದು ಕನ್ನಡೇನೋ ತೆಲುಗೋ ಅಂತ ಕೇಳಾಕತ್ತಾರ.”

ಹೋಗಿ ನೋಡಿದರೆ ಅವರು ಕೇಳಿದ್ದು ಖರೇ ಇತ್ತು. ‘ಧರ್ಮ’ ಎಂಬಲ್ಲಿ ಅರ್ಕಾವತ್ತು ಮಾಯವಾಗಿ, ರಕಾರ ದೊಡ್ಡದಾಗಿ ನಿಂತು, ಮಕಾರ ಅದರ ಕೆಳಗೆ ಒತ್ತಾಗಿ ಜೋತುಬಿದ್ದಿತ್ತು. ತೆಲುಗಿನಲ್ಲಿ ಬರೆಯುವುದೇ ಹಾಗೆ. ಆಂಧ್ರದವರು ತೆಲುಗನ್ನು ಸರಿಮಾಡುವಾಗ ಕನ್ನಡವೂ ಅದೇ ದಾರಿ ಹಿಡಿದಿತ್ತು. ಭಾಯಾರ ಅಂಗಡಿಯ ನಂಬರ್ ಕೊಟ್ಟು ಅವರಿಗೆ ಮೇಲ್ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೆ ಕಳಿಸಿದೆ. ಆಗಲೂ ಬರಲಿಲ್ಲ.

ಭಾಯಾರ ತಾವೇ ಆ ಭಾಗವನ್ನು ಬಿಚ್ಚಿ ಕೂತರು. ಕೆಲವು ದಿನಗಳಲ್ಲಿ ತಪ್ಪು ಸಿಕ್ಕಿತು, ತಿದ್ದಿಯೂ ಬಿಟ್ಟರು. ನನಗೆ ಆಗ ಏಳು ತಿಂಗಳು. ಹೆರಿಗೆಗೆಂದು ಗದಗಿನ ಕಡೆಯ ತವರಿಗೆ ಹೊರಡಬೇಕಿತ್ತು, ಅಲ್ಲಿ ಇಂಟರ್ನೆಟ್ ಇರಲಿಲ್ಲ. ಇತ್ತ ನಮ್ಮ ಪ್ರೋಗ್ರಾಂ ಇಟ್ಟಿದ್ದ ಜಾಗದ ಪಾಸ್‌ವರ್ಡ್ ಗೊತ್ತಿದ್ದದ್ದು ನನಗೊಬ್ಬಳಿಗೇ.

“ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ,” ಎಂದರು ಭಾಯಾರ. “ಆಂಧ್ರದವರೊಬ್ರು ಸುಮ್ಮನಾಗಿದ್ದಕ್ಕ ನಮ್ಮ ಕೆಲಸ ನಿಂತೈತಿ. ನೀವು ತವರಮನಿಗೆ ಹೋದ್ರ ಹಳ್ಳಿಯವ್ರು ಯಾರನ್ನ ಕೇಳಬೇಕ್ರಿ?”

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮರುದಿನ ಇಬ್ಬರೂ ಬಸ್ ಹತ್ತಿ ಹೆಬ್ಬಳ್ಳಿಗೆ ಹೋದೆವು. ಗ್ರಂಥಾಲಯದ ಬೆಂಚಿನ ಮೇಲೆ ಆ ಹೆಣ್ಣುಮಗಳೂ ಸೇರಿ ಮೂವರೂ ಕೂತು ಮಾತಾಡಿದೆವು. ಪಾಸ್‌ವರ್ಡ್ ಭಾಯಾರಿಗೂ ಕೊಡುವುದು, ಯಾರೇ ತಿದ್ದಿದರೂ ಇನ್ನೊಬ್ಬರು ನೋಡಿದ ಮೇಲೆಯೇ ಸೇರಿಸುವುದು ಎಂದಾಯಿತು. ತಿದ್ದಿದ್ದನ್ನು ಅಂದೇ ಎಲ್ಲ ಊರಿಗೂ ಕಳಿಸಬೇಕೆಂದು ಭಾಯಾರಿಗೆ ಅವಸರ. ಆಕೆ ಒಪ್ಪಲಿಲ್ಲ.

“ಮೊದಲ ಇಲ್ಲೆ ಹಾಕ್ರಿ. ನಾಕ್ ಮಂದಿ ಓದಲಿ. ಛಲೋ ಐತಿ ಅಂದಮ್ಯಾಲೆ ಉಳದ ಊರಿಗೆ ಕಳಸ್ರಿ.”

“ಹಂಗಾದ್ರ ಅದನ್ನ ನೀವ ಹೇಳಬೇಕು,” ಎಂದೆ. “ನೀವು ಹೂಂ ಅನ್ನೂತನಕ ಹೊರಗ ಹೋಗೂದಿಲ್ಲ.”

“ನನಗ ಇದರ ಒಳಗಿಂದೇನೂ ತಿಳೀದಿಲ್ರಿ ಅಕ್ಕಾರ.”

“ನಮಗ ಓದೋ ಮಂದಿ ತಿಳೀದಿಲ್ಲ,” ಎಂದರು ಭಾಯಾರ. ಆಕೆ ನಕ್ಕು ಒಪ್ಪಿಕೊಂಡಳು.

ನಾನು ಹೊರಡುವ ಹಿಂದಿನ ದಿನ ಭಾಯಾರ ಅಂಗಡಿಯಲ್ಲಿದ್ದಾಗ ಅಲ್ಲಿಗೆ ಫೋನ್ ಬಂತು. ಆಂಧ್ರದವರು. ಭಾಯಾರ ಹಿಂದಿಯಲ್ಲಿ ಮಾತಾಡಿ ನನಗೆ ಹೇಳುತ್ತ ಹೋದರು. ಆತ ಬಿದ್ದು ಬಲಗೈ ಮುರಿದುಕೊಂಡಿದ್ದರಂತೆ, ವಾರಗಟ್ಟಲೆ ಕಂಪ್ಯೂಟರ್ ಮುಟ್ಟಿರಲಿಲ್ಲವಂತೆ. ತಾನು ಬರೆದದ್ದರಿಂದ ಕನ್ನಡದ ಹಳ್ಳಿಯಲ್ಲಿ ಯಾರೋ ಪುಸ್ತಕ ಹುಡುಕುತ್ತಾರೆಂಬುದೇ ಅವರಿಗೆ ಗೊತ್ತಿರಲಿಲ್ಲ. ಯಾವ ಊರು, ಎಂಥವರು ಓದುತ್ತಾರೆ ಎಂದು ಕೇಳಿದ್ದನ್ನೇ ಕೇಳಿದರು. ಕಡೆಗೆ, ಕನ್ನಡದ ಭಾಗವನ್ನು ನೀವೇ ನೋಡಿಕೊಳ್ಳಿ, ತೆಲುಗು ನನಗಿರಲಿ, ಒಬ್ಬರು ತಿದ್ದುವ ಮುಂಚೆ ಇನ್ನೊಬ್ಬರಿಗೆ ಹೇಳೋಣ ಎಂದರು. ಫೋನ್ ಇಟ್ಟ ಮೇಲೆ ಭಾಯಾರ ಚಹಾ ತರಿಸಿದರು.

ನನಗೆ ಮಗಳು ಹುಟ್ಟಿದಳು. ಅವಳನ್ನು ಎತ್ತಿಕೊಂಡು ಹುಬ್ಬಳ್ಳಿಗೆ ಮರಳುವಷ್ಟರಲ್ಲಿ ನನ್ನ ಗೊಡವೆಯಿಲ್ಲದೆ ಹೊಸ ಆವೃತ್ತಿ ಊರೂರಿಗೆ ಹೋಗಿತ್ತು. ಹೆಬ್ಬಳ್ಳಿಯವಳು ಒಂದು ತಿದ್ದುಪಡಿಯನ್ನು ಓದಲು ತ್ರಾಸಾಗುತ್ತದೆಂದು ತಿರುಗಿ ಕಳಿಸಿದ್ದಳಂತೆ. ನಾನು ಹೆಸರೂ ಕೇಳಿರದ ರಾಯಚೂರು ಕಡೆಯ ಮಾಸ್ತರರೊಬ್ಬರು ಇನ್ನೊಂದು ತಪ್ಪನ್ನು ಸರಿಪಡಿಸಿ ಕೊಟ್ಟಿದ್ದರಂತೆ. ಭಾಯಾರ ಆ ಮಾಸ್ತರರು ಬರೆದದ್ದನ್ನು ತೋರಿಸುತ್ತ, “ನೋಡಿ ಏನರ ಹೇಳ್ರಿ ಅಕ್ಕಾರ,” ಎಂದರು. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಾವಕಾಶವಾಗಿ ಓದಿದೆ. ಹೇಳುವಂಥದ್ದೇನೂ ಇರಲಿಲ್ಲ. ನನಗಿಂತ ಚೆನ್ನಾಗಿ ಬರೆದಿದ್ದರು.